ನಮ್ಮ ನೆರೆಯ ಬಂಡೆಗಳಲ್ಲಿ ದೇವಾನಾಂಪ್ರಿಯ ಅಶೋಕ

ಸಾಲುಮರಗಳನ್ನು ನೆಡಿಸಿದವನು ಯಾರು ಎಂದು ಕೇಳಿದರೆ ನಮ್ಮ ಶಾಲೆಯ ಚಿಕ್ಕ ತರಗತಿಯ ಮಕ್ಕಳೂ ಒಂದೇ ಉಸಿರಿಗೆ ಅಶೋಕನ ಹೆಸರನ್ನು ಹೇಳುತ್ತಾರೆ. ಇದೇ ಗೋಡೆಗಳ ನಡುವೆ ಕುಳಿತು ನಾವೂ ಹಾಗೆಯೇ ಹೇಳಿದೆವು, ಒಂದು ಅಂಕವನ್ನು ಪಡೆದೆವು, ಆಮೇಲೆ ಆ ಅರಸನನ್ನು ಪುಸ್ತಕದೊಳಗೇ ಬಿಟ್ಟು ಹೊರಬಂದೆವು. ಶತಮಾನೋತ್ಸವದ ಈ ಸಂಚಿಕೆಯಲ್ಲಿ ಅವನ ಜೀವನವನ್ನು ಮತ್ತೊಮ್ಮೆ ಸ್ಮರಿಸಲು ನಮಗೆ ಕಾರಣವಿದೆ. ಅಶೋಕನು ಪಾಟಲಿಪುತ್ರದಲ್ಲಿ ಕುಳಿತು ಆಳಿದವನಾದರೂ ಅವನ ಮಾತು ನಮ್ಮ ನೆರೆಯ ಬಂಡೆಗಳ ಮೇಲಿದೆ. ಆ ಮಾತಿನಲ್ಲಿ ತಂದೆತಾಯಿಗಳ ಪ್ರಸ್ತಾಪವಿದೆ, ಗುರುಶಿಷ್ಯರ ಪ್ರಸ್ತಾಪವಿದೆ. ಒಂದು ಶಾಲೆಯು ನೂರು ವರ್ಷಗಳಿಂದ ಏನನ್ನು ಕಲಿಸಲು ಯತ್ನಿಸುತ್ತ ಬಂದಿದೆಯೋ ಅದನ್ನೇ ಅವನು ಸುಮಾರು 2,270 ವರ್ಷಗಳ ಹಿಂದೆ ಕಲ್ಲಿನಲ್ಲಿ ಕೊರೆಯಿಸಿದನು.

ಕಲ್ಯಾಣದುರ್ಗದಿಂದ ವಾಯವ್ಯಕ್ಕೆ ರಾಯದುರ್ಗವನ್ನು ದಾಟಿ ನಡೆದರೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕು ಸಿಗುತ್ತದೆ. ಅಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ನೆಲೆಗಳಲ್ಲಿ ಅಶೋಕನ ಶಾಸನಗಳಿವೆ. ಉತ್ತರದ ಕಡೆಗೆ ಅನಂತಪುರ, ಗುತ್ತಿಗಳನ್ನು ದಾಟಿದರೆ ಕರ್ನೂಲು ಜಿಲ್ಲೆಯ ಎರ್ರಗುಡಿ. ಅಲ್ಲಿನ ಬಂಡೆಗಳ ಮೇಲೆ ಅವನ ಹದಿನಾಲ್ಕು ದೊಡ್ಡ ಶಾಸನಗಳೂ ಕಿರುಶಾಸನಗಳೂ ಒಟ್ಟಾಗಿ ದೊರೆತಿವೆ. ಹಿಂದೂಪುರದವರಿಗೆ ಈ ಊರುಗಳು ಸ್ವಲ್ಪ ದೂರವೆನಿಸಿದರೂ ಕಲ್ಯಾಣದುರ್ಗದವರು ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಬ್ರಹ್ಮಗಿರಿಗೆ ಹೊರಟರೆ ಸಂಜೆಗೆ ಮನೆ ಸೇರಬಹುದು. ಇಂದು ಒಂದು ಬಂಡೆ ಕರ್ನಾಟಕಕ್ಕೆ, ಮತ್ತೊಂದು ಆಂಧ್ರಕ್ಕೆ ಸೇರಿದೆ. ಅವುಗಳನ್ನು ಕೆತ್ತಿದ ಕಾಲದಲ್ಲಿ ನಡುವೆ ಯಾವ ಗಡಿಯೂ ಇರಲಿಲ್ಲ.

ಅಶೋಕನು ಮೌರ್ಯ ವಂಶದ ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ. ರಾಜಕುಮಾರನಾಗಿದ್ದಾಗ ಉಜ್ಜಯಿನಿಯ ಆಡಳಿತವನ್ನು ನೋಡಿಕೊಂಡನೆಂದು ಸಿಂಹಳದ ಬೌದ್ಧ ಗ್ರಂಥಗಳು ಹೇಳುತ್ತವೆ. ಸುಮಾರು ಕ್ರಿ.ಪೂ. 268ರಲ್ಲಿ ಅವನ ಪಟ್ಟಾಭಿಷೇಕವಾಯಿತು. ಅವನು ತನ್ನ ತೊಂಬತ್ತೊಂಬತ್ತು ಸೋದರರನ್ನು ಕೊಂದು ಸಿಂಹಾಸನವನ್ನೇರಿದನೆಂದೂ, ಮೊದಲು ಚಂಡಾಶೋಕನಾಗಿದ್ದು ಬುದ್ಧನ ಮಾರ್ಗವನ್ನು ಹಿಡಿದ ಮೇಲೆ ಧರ್ಮಾಶೋಕನಾದನೆಂದೂ ಹೇಳುವ ಕಥೆಗಳುಂಟು. ಧರ್ಮದ ಮಹಿಮೆ ಎದ್ದು ಕಾಣಲೆಂದು ಹಿಂದಿನ ಕ್ರೌರ್ಯವನ್ನು ಹಿಗ್ಗಿಸಿ ಹೇಳುವುದು ಕಥೆಗಾರರ ರೂಢಿ. ಅವನದೇ ಒಂದು ಶಾಸನದಲ್ಲಿ ಸೋದರ ಸೋದರಿಯರ ಮನೆವಾರ್ತೆಗಳನ್ನು ನೋಡಿಕೊಳ್ಳುವ ಅಧಿಕಾರಿಗಳ ಮಾತು ಬರುತ್ತದೆ. ಆದ್ದರಿಂದ ನಾವು ಇಲ್ಲಿ ಕಥೆಗಳಿಗಿಂತ ಕಲ್ಲುಗಳನ್ನೇ ಹೆಚ್ಚು ನಂಬುತ್ತೇವೆ.

ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾದ ಮೇಲೆ ಅಶೋಕನು ಕಳಿಂಗದ ಮೇಲೆ ದಂಡೆತ್ತಿ ಹೋದನು. ಇಂದಿನ ಒಡಿಶಾದ ಆ ನಾಡು ಸುಲಭವಾಗಿ ಮಣಿಯಲಿಲ್ಲ. ಅವನೇ ಕೊಟ್ಟಿರುವ ಲೆಕ್ಕದಂತೆ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನರನ್ನು ನಾಡಿನಿಂದ ಹಿಡಿದೊಯ್ಯಲಾಯಿತು, ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಮಂದಿ ಬೇರೆ ಕಾರಣಗಳಿಂದ ಸತ್ತರು. ಗೆದ್ದ ಅರಸರು ಶಾಸನ ಬರೆಯಿಸುವುದು ತಮ್ಮ ಪರಾಕ್ರಮವನ್ನು ಕೊಂಡಾಡುವುದಕ್ಕೆ. ಅಶೋಕನು ತನ್ನ ಸಂಕಟವನ್ನು ಬರೆಯಿಸಿದನು. ಯುದ್ಧದಲ್ಲಿ ಗಾಯಗೊಂಡವರ ನೋವಿನೊಡನೆ, ತಾನು ಉಳಿದುಕೊಂಡರೂ ತನ್ನವರನ್ನು ಕಳೆದುಕೊಂಡ ಗೃಹಸ್ಥನ ನೋವನ್ನೂ ಅವನು ಎಣಿಸಿದನು. ತಂದೆತಾಯಿಗಳ, ಗುರುಗಳ ಸೇವೆ ಮಾಡುತ್ತ, ಸ್ನೇಹಿತರನ್ನೂ ಆಳುಕಾಳುಗಳನ್ನೂ ಚೆನ್ನಾಗಿ ನೋಡಿಕೊಳ್ಳುತ್ತ ಬಾಳುತ್ತಿದ್ದ ಸಾಧಾರಣ ಜನರ ಮೇಲೆ ಆ ವಿಪತ್ತು ಬಂದೆರಗಿತೆಂಬುದೇ ಅವನನ್ನು ಹೆಚ್ಚಾಗಿ ಕಾಡಿತು.

ಈ ಪಶ್ಚಾತ್ತಾಪದ ಶಾಸನವು ಕಳಿಂಗದ ಧೌಲಿ, ಜೌಗಡಗಳಲ್ಲಿ ಇಲ್ಲ. ಅಲ್ಲಿ ಅದರ ಸ್ಥಾನದಲ್ಲಿ, ಪ್ರಜೆಗಳೆಲ್ಲರೂ ತನ್ನ ಮಕ್ಕಳೆಂದು ಸಾರುವ ಬೇರೆ ಶಾಸನಗಳಿವೆ. ಬಹುಶಃ ಆ ಹುಣ್ಣನ್ನು ಮತ್ತೆ ಕೆರೆಯುವುದು ಬೇಡವೆಂದು ಅರಸನಿಗೆ ತೋರಿರಬೇಕು. ಆದರೆ ಗುತ್ತಿಯ ಸಮೀಪದ ಎರ್ರಗುಡಿಯಲ್ಲಿ ಅದು ಇದೆ. ಕಳಿಂಗದ ದುಃಖವನ್ನು ಕಳಿಂಗದಲ್ಲಿ ಓದಲಾಗದು, ನಮ್ಮ ಸೀಮೆಯಲ್ಲಿ ಓದಬಹುದು.

ಯುದ್ಧದ ಮರುದಿನವೇ ಅಶೋಕನು ಕತ್ತಿಯನ್ನೆಸೆದು ಬೇರೆಯ ಮನುಷ್ಯನಾದನೆಂದು ನಾವು ಚಿತ್ರಗಳಲ್ಲಿ ನೋಡುತ್ತೇವೆ. ಬ್ರಹ್ಮಗಿರಿಯ ಶಾಸನ ಹೇಳುವುದು ಬೇರೆ. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮಿಗಿಲಾಯಿತೆಂದೂ, ಮೊದಲಿನ ಒಂದು ವರ್ಷ ತಾನು ಮನಸ್ಸಿಟ್ಟು ಪ್ರಯತ್ನಿಸಲಿಲ್ಲವೆಂದೂ, ಸಂಘದ ಹತ್ತಿರಕ್ಕೆ ಬಂದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಶ್ರಮಿಸಿದೆನೆಂದೂ ಅವನು ಅಲ್ಲಿ ಹೇಳಿಕೊಂಡಿದ್ದಾನೆ. ತನ್ನ ಸೋಮಾರಿತನವನ್ನು ಕಲ್ಲಿನಲ್ಲಿ ಕೊರೆಯಿಸಿದ ಚಕ್ರವರ್ತಿಗಳು ಪ್ರಪಂಚದ ಚರಿತ್ರೆಯಲ್ಲಿ ಎಷ್ಟು ಮಂದಿ ಇದ್ದಾರು? ಅದೇ ಶಾಸನದಲ್ಲಿ ಅವನು, ಈ ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಕಿರಿಯನೂ ಮನಸ್ಸಿಟ್ಟು ಶ್ರಮಿಸಿದರೆ ಅದನ್ನು ಪಡೆಯಬಲ್ಲನೆಂಬ ಅಭಯವನ್ನು ಕೊಡುತ್ತಾನೆ. ಹಿಂದೆ ಬಿದ್ದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಭರವಸೆಯ ಮಾತನ್ನು ನಾವು ಕಂಡಿಲ್ಲ.

ಈ ಶಾಸನ ಪಾಟಲಿಪುತ್ರದಿಂದ ನೇರವಾಗಿ ಬಂದುದಲ್ಲ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಅದನ್ನು ಇಸಿಲವೆಂಬ ಊರಿನ ಮಹಾಮಾತ್ರರಿಗೆ, ಅವರ ಕುಶಲವನ್ನು ವಿಚಾರಿಸುತ್ತ, ಕಳುಹಿಸಿದರು. ಬ್ರಹ್ಮಗಿರಿ ಸಿದ್ದಾಪುರಗಳ ನೆಲವೇ ಅಂದಿನ ಇಸಿಲ. ಆ ಹೆಸರು ಕನ್ನಡದ್ದೆಂದು ನಮ್ಮ ವಿದ್ವಾಂಸರಲ್ಲಿ ಕೆಲವರು ವಾದಿಸಿದ್ದಾರೆ. ಬರೆದ ಲಿಪಿಕಾರನ ಹೆಸರು ಚಪಡ. ಶಾಸನವೆಲ್ಲ ಎಡದಿಂದ ಬಲಕ್ಕೆ ಬ್ರಾಹ್ಮೀ ಲಿಪಿಯಲ್ಲಿದ್ದರೆ, ಲಿಪಿಕಾರನಿಂದ ಎಂಬ ಕೊನೆಯ ಒಂದು ಪದವನ್ನು ಮಾತ್ರ ಅವನು ವಾಯವ್ಯ ಪ್ರಾಂತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ. ದೂರದ ಸೀಮೆಯಿಂದ ಕೆಲಸಕ್ಕೆ ಬಂದವನು ತನ್ನ ಅಕ್ಷರವನ್ನು ಒಂದು ಕಡೆಯಾದರೂ ಉಳಿಸಿಹೋದನೇನೋ. ಅನ್ಯಭಾಷೆಯ ನಡುವೆ ನಮ್ಮ ಅಕ್ಷರಮಾಲೆಯನ್ನು ತಿದ್ದುತ್ತ ಬಂದಿರುವ ನಮಗೆ ಚಪಡನ ಮೇಲೆ ವಿಶೇಷವಾದ ಪ್ರೀತಿ ಹುಟ್ಟಿದರೆ ಆಶ್ಚರ್ಯವಿಲ್ಲ.

ಇಸಿಲದ ಜನಕ್ಕೆ ಅಶೋಕನು ಉಪದೇಶಿಸಿದ ಧರ್ಮ ಬಹಳ ಸರಳವಾದುದು. ತಂದೆತಾಯಿಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕ ರೀತಿಯಲ್ಲಿ ನಡೆದುಕೊಳ್ಳಬೇಕು. ಇದು ಹಿಂದಿನಿಂದ ಬಂದ ಸ್ವಭಾವವೆಂದೂ ಆಯುಷ್ಯವನ್ನು ವರ್ಧಿಸುವುದೆಂದೂ ಅವನು ಸೇರಿಸುತ್ತಾನೆ. ಎರ್ರಗುಡಿಯಲ್ಲಿ ಇದೇ ಮಾತು ಇನ್ನಷ್ಟು ವಿಸ್ತಾರವಾಗಿದೆ. ರಜ್ಜುಕನೆಂಬ ಅಧಿಕಾರಿಯು ಗ್ರಾಮಾಂತರದ ಜನರನ್ನು ಭೇರಿ ಬಾರಿಸಿ ಕೂಡಿಸಿ ಇದನ್ನು ತಿಳಿಸಬೇಕಿತ್ತು. ಆನೆ ನಡೆಸುವವರು, ಕರಣಿಕರು, ಬ್ರಾಹ್ಮಣ ಉಪಾಧ್ಯಾಯರು ಮೊದಲಾದವರು ತಮ್ಮ ತಮ್ಮ ಶಿಷ್ಯರಿಗೆ ಪೂರ್ವದ ಪದ್ಧತಿಯಂತೆ ಇದನ್ನು ಕಲಿಸಬೇಕಿತ್ತು. ಅಂದರೆ ವಿದ್ಯೆ ಯಾವುದೇ ಇರಲಿ, ಮಾವುತನ ಕಸುಬಿನಿಂದ ವೇದಾಧ್ಯಯನದವರೆಗೆ, ಅದನ್ನು ಕಲಿಸುವವನು ನಡತೆಯನ್ನೂ ಕಲಿಸಬೇಕೆಂಬುದು ಅವನ ಅಪೇಕ್ಷೆ.

ಇಲ್ಲಿ ನಿರ್ವಾಣದ ಮಾತಿಲ್ಲ, ಅಷ್ಟಾಂಗ ಮಾರ್ಗದ ವಿವರವಿಲ್ಲ. ಅಶೋಕನು ಸ್ವತಃ ಬುದ್ಧನ ಉಪಾಸಕನಾಗಿದ್ದರೂ ಪ್ರಜೆಗಳಿಗೆ ಒಂದು ಮತವನ್ನು ಬೋಧಿಸಲಿಲ್ಲ, ಮನೆಯಿಂದ ಆರಂಭವಾಗುವ ಒಂದು ಬಾಳುವೆಯನ್ನು ಬೋಧಿಸಿದನು. ಇದನ್ನು ಓದುವಾಗ ನಮಗೆ ಚೀನಾದ ಕನ್‌ಫ್ಯೂಷಿಯಸ್‌ನ ನೆನಪಾಗುತ್ತದೆ. ಅಶೋಕನಿಗಿಂತ ಸುಮಾರು ಎರಡೂವರೆ ಶತಮಾನ ಮೊದಲು, ಕ್ರಿ.ಪೂ. 551ರಿಂದ 479ರವರೆಗೆ, ಬಾಳಿದ ಆ ಗುರುವೂ ಒಳ್ಳೆಯ ರಾಜ್ಯದ ಬೇರನ್ನು ಒಳ್ಳೆಯ ಮನೆಯಲ್ಲಿಯೇ ಹುಡುಕಿದನು. ತಂದೆತಾಯಿಗಳಲ್ಲಿ ಭಕ್ತಿ, ಹಿರಿಯರಲ್ಲಿ ವಿನಯ, ತನಗೆ ಬೇಡವಾದುದನ್ನು ಇತರರಿಗೆ ಮಾಡದಿರುವ ವಿವೇಕ, ಇವು ಅವನ ಬೋಧನೆಯ ಅಡಿಗಲ್ಲುಗಳು. ಶಿಕ್ಷೆಯ ಭಯದಿಂದ ಆಳಿದರೆ ಜನರು ತಪ್ಪಿಸಿಕೊಳ್ಳುವುದನ್ನು ಕಲಿಯುತ್ತಾರೆ, ಸದ್ಗುಣದಿಂದ ಆಳಿದರೆ ಲಜ್ಜೆಯನ್ನು ಕಲಿತು ತಾವಾಗಿಯೇ ತಿದ್ದಿಕೊಳ್ಳುತ್ತಾರೆ ಎಂದು ಅವನು ನಂಬಿದ್ದನು. ಅಶೋಕನು ತನ್ನ ಆಳ್ವಿಕೆಯ ಕೊನೆಗಾಲದ ಸ್ತಂಭಶಾಸನವೊಂದರಲ್ಲಿ ಇದೇ ಅನುಭವವನ್ನು ಹೇಳುತ್ತಾನೆ. ಧರ್ಮವನ್ನು ಬೆಳೆಸಲು ಕಟ್ಟಳೆ ಮತ್ತು ಮನವೊಲಿಕೆ ಎಂಬ ಎರಡು ದಾರಿಗಳನ್ನು ಅವನು ಹಿಡಿದನು. ಕಟ್ಟಳೆಯಿಂದ ಆದದ್ದು ಸ್ವಲ್ಪ, ಮನವೊಲಿಕೆಯಿಂದ ಆದದ್ದೇ ಹೆಚ್ಚು ಎಂಬುದು ಅವನ ನಿರ್ಣಯ. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿದ್ದರೆಂಬುದಕ್ಕೆ ಯಾವ ಸೂಚನೆಯೂ ಇಲ್ಲ, ಆದರೂ ಇಬ್ಬರೂ ಒಂದೇ ಸ್ಥಳಕ್ಕೆ ಬಂದು ತಲುಪಿದರು. ಕನ್‌ಫ್ಯೂಷಿಯಸ್ ತನ್ನ ಮಾತನ್ನು ನಡೆಸಿಕೊಡುವ ಅರಸನನ್ನು ಹುಡುಕುತ್ತ ರಾಜ್ಯದಿಂದ ರಾಜ್ಯಕ್ಕೆ ಅಲೆದ ಉಪಾಧ್ಯಾಯ. ಅಶೋಕನು ಉಪಾಧ್ಯಾಯನಾಗಲು ಬಯಸಿದ ಅರಸ.

ಇವರಲ್ಲಿ ಭೇದವೂ ಉಂಟು. ಕನ್‌ಫ್ಯೂಷಿಯಸ್ ಹಿಂದಿನಿಂದ ಬಂದ ವಿಧಿಗಳನ್ನೂ ಆಚರಣೆಗಳನ್ನೂ ಬಹುವಾಗಿ ಗೌರವಿಸಿದನು. ಅಶೋಕನಾದರೋ ರೋಗರುಜಿನಗಳಲ್ಲಿ, ಮದುವೆಗಳಲ್ಲಿ, ಪ್ರಯಾಣದಲ್ಲಿ ಜನ ಮಾಡುವ ನಾನಾ ಮಂಗಳಕಾರ್ಯಗಳಿಂದ ದೊರೆಯುವ ಫಲ ಅಲ್ಪವೆಂದು ಹೇಳಿ, ದಾಸರನ್ನೂ ಸೇವಕರನ್ನೂ ಸರಿಯಾಗಿ ನಡೆಸಿಕೊಳ್ಳುವುದು, ಗುರುಗಳನ್ನು ಗೌರವಿಸುವುದು, ಪ್ರಾಣಿಗಳ ವಿಷಯದಲ್ಲಿ ಸಂಯಮದಿಂದಿರುವುದು ಇವೇ ನಿಜವಾದ ಮಂಗಳವೆಂದನು. ಕುಟುಂಬದಿಂದ ಹೊರಟ ಧರ್ಮವನ್ನು ಅವನು ಮನೆಯ ಆಳಿನವರೆಗೆ, ಕೊಟ್ಟಿಗೆಯ ಪಶುವಿನವರೆಗೆ, ಬೇರೆ ಮತದ ನೆರೆಯವನವರೆಗೆ ಒಯ್ದನು. ಬುದ್ಧನ ಕರುಣೆ ಅವನಲ್ಲಿ ಕೆಲಸ ಮಾಡಿದ್ದು ಇಲ್ಲಿ.

ಉಪದೇಶಕ್ಕೆ ತಕ್ಕ ಕಾರ್ಯವನ್ನೂ ಅವನು ಮಾಡಿದನು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡಾಯಿತು. ಔಷಧದ ಗಿಡಮೂಲಿಕೆಗಳು ಇಲ್ಲದ ಕಡೆಗೆ ಅವುಗಳನ್ನು ತರಿಸಿ ಬೆಳೆಸಲಾಯಿತು. ತನ್ನ ರಾಜ್ಯದ ಆಚೆಗಿದ್ದ ಚೋಳ, ಪಾಂಡ್ಯ, ಕೇರಳಪುತ್ರ, ತಾಮ್ರಪರ್ಣಿಗಳಲ್ಲಿಯೂ ಇದನ್ನು ನಡೆಸಿದುದಾಗಿ ಅವನು ಹೇಳುತ್ತಾನೆ. ಊಟದಲ್ಲಿರಲಿ, ಅಂತಃಪುರದಲ್ಲಿರಲಿ, ಪ್ರಜೆಗಳ ಕಾರ್ಯವನ್ನು ಯಾವ ಹೊತ್ತಿನಲ್ಲಾದರೂ ತನಗೆ ತಿಳಿಸಬಹುದೆಂದು ಆಜ್ಞೆ ಮಾಡಿದನು. ಅರಮನೆಯ ಅಡುಗೆಮನೆಯಲ್ಲಿ ಹಿಂದೆ ದಿನವೂ ಲೆಕ್ಕವಿಲ್ಲದಷ್ಟು ಪ್ರಾಣಿಗಳ ವಧೆಯಾಗುತ್ತಿತ್ತು. ಅದು ಮೂರಕ್ಕೆ, ಎರಡು ನವಿಲು ಮತ್ತು ಒಂದು ಜಿಂಕೆಗೆ, ಇಳಿಯಿತು. ಜಿಂಕೆಯೂ ದಿನವೂ ಅಲ್ಲ, ಮುಂದೆ ಈ ಮೂರೂ ನಿಲ್ಲುತ್ತವೆ ಎಂದು ಅವನು ಬರೆಯಿಸಿದನು. ಪೂರ್ತಿ ನಿಂತಿತೆಂದು ಸುಳ್ಳು ಹೇಳಿಸಬಹುದಾಗಿತ್ತು. ಹಾಗೆ ಹೇಳಿಸಲಿಲ್ಲ.

ಇನ್ನು ಸಾಲುಮರಗಳ ವಿಷಯ. ದಾರಿಯುದ್ದಕ್ಕೂ ಆಲದ ಮರಗಳನ್ನು ನೆಡಿಸಿದುದು, ಮಾವಿನ ತೋಪುಗಳನ್ನು ಬೆಳೆಸಿದುದು, ಬಾವಿಗಳನ್ನು ತೋಡಿಸಿದುದು ನಿಜ. ಆದರೆ ಅದನ್ನು ಹೇಳಿದ ಕೂಡಲೇ ಅವನು, ಇಂಥ ಸುಖ ಅಲ್ಪವಾದುದು, ಹಿಂದಿನ ಅರಸರೂ ಇದನ್ನು ಮಾಡಿದ್ದಾರೆ, ಜನರು ಧರ್ಮದಲ್ಲಿ ನಡೆಯಲೆಂದೇ ತಾನು ಇದನ್ನು ಮಾಡಿದೆನೆಂದು ವಿವರಿಸುತ್ತಾನೆ. ನಾವು ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬರೆದ ಉತ್ತರವನ್ನು ಅಶೋಕನೇ ಸಣ್ಣದೆಂದು ಎಣಿಸಿದ್ದನು. ನೆರಳಿಗಿಂತ ಆ ನೆರಳಿನಲ್ಲಿ ನಡೆಯುವವನ ನಡತೆ ಅವನಿಗೆ ಮುಖ್ಯವಾಗಿತ್ತು.

ಇಂದಿನ ದಿನಗಳಿಗೆ ಅತ್ಯಂತ ಅಗತ್ಯವಾದುದು ಅವನ ಹನ್ನೆರಡನೆಯ ಶಾಸನ. ಎಲ್ಲ ಮತಗಳಲ್ಲಿಯೂ ಸಾರ ಬೆಳೆಯಬೇಕು, ಅದಕ್ಕೆ ಮೂಲ ಮಾತಿನ ಸಂಯಮ ಎಂಬುದು ಅದರ ತಿರುಳು. ತನ್ನ ಮತದ ಮೇಲಿನ ಅಭಿಮಾನದಿಂದ ಪರರ ಮತವನ್ನು ಹಳಿಯುವವನು ತನ್ನ ಮತಕ್ಕೇ ಹೆಚ್ಚಿನ ಹಾನಿಯನ್ನು ಮಾಡುತ್ತಾನೆಂದು ಅವನು ಎಚ್ಚರಿಸುತ್ತಾನೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಚಂದ್ರಲಾಂಬಾ ಕ್ಷೇತ್ರದ ಗುಡಿಯೊಂದರಲ್ಲಿ ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲನ್ನು ಎತ್ತಿ ನೋಡಿದಾಗ ಅದರಲ್ಲಿ ಕಂಡ ಶಾಸನಗಳಲ್ಲಿ ಇದೂ ಒಂದು. ಎಷ್ಟೋ ಕಾಲ ಈ ಮಾತು ಮತ್ತೊಂದು ಮತದ ದೇವರನ್ನು ಹೊತ್ತುಕೊಂಡು ಮೌನವಾಗಿ ನಿಂತಿತ್ತು. ಬೆರಳ ತುದಿಯಲ್ಲಿ ನಿಂದೆಯನ್ನು ಊರಿಂದೂರಿಗೆ ಹರಡಬಲ್ಲ ಈ ಕಾಲದಲ್ಲಿ ನಾಲಗೆಯ ಸಂಯಮಕ್ಕೆ ಬೆರಳಿನ ಸಂಯಮವನ್ನೂ ನಾವು ಸೇರಿಸಿಕೊಳ್ಳಬೇಕಾಗಿದೆ.

ಮಹಾಪುರುಷನ ಜೀವನವನ್ನು ಹೇಳುವಾಗ ಅವನ ಕೊರತೆಗಳನ್ನು ಮುಚ್ಚಿದರೆ ಅವನು ನಮ್ಮ ಕೈಗೆ ಸಿಗದ ವಿಗ್ರಹವಾಗಿಬಿಡುತ್ತಾನೆ. ಅಶೋಕನು ಪಶ್ಚಾತ್ತಾಪಪಟ್ಟರೂ ಕಳಿಂಗವನ್ನು ಬಿಟ್ಟುಕೊಡಲಿಲ್ಲ. ಹಿಡಿದೊಯ್ದ ಜನರನ್ನು ಮರಳಿ ಕಳುಹಿಸಿದ ಮಾತು ಅವನ ಯಾವ ಶಾಸನದಲ್ಲಿಯೂ ಕಾಣದು. ಅದೇ ಪಶ್ಚಾತ್ತಾಪದ ಶಾಸನದಲ್ಲಿ ಕಾಡಿನ ಜನರಿಗೆ, ತನಗೆ ದಂಡಿಸುವ ಶಕ್ತಿಯಿದೆಯೆಂಬ ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ. ಮರಣದಂಡನೆಯನ್ನು ಅವನು ತೆಗೆದುಹಾಕಲಿಲ್ಲ, ಶಿಕ್ಷೆಗೆ ಗುರಿಯಾದವರಿಗೆ ಮೂರು ದಿನಗಳ ಅವಕಾಶವನ್ನು ಕೊಟ್ಟನು. ಧರ್ಮವನ್ನು ಅರಿತವನಿಗೂ ಅಧಿಕಾರವನ್ನು ಪೂರ್ತಿಯಾಗಿ ಇಳಿಸಿಡುವುದು ಎಷ್ಟು ಕಠಿಣವೆಂಬುದಕ್ಕೆ ಇದು ಸಾಕ್ಷಿ. ಸಣ್ಣ ಅಧಿಕಾರಗಳನ್ನು ಹಿಡಿದಿರುವ ನಾವು, ಮನೆಯ ಯಜಮಾನರು, ಉಪಾಧ್ಯಾಯರು, ಕಚೇರಿಯ ಹಿರಿಯರು, ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದರಲ್ಲಿದೆ. ಬೆತ್ತವನ್ನು ಮೂಲೆಯಲ್ಲಿಟ್ಟು ಮಾತಿನಿಂದಲೇ ಮಗುವನ್ನು ತಿದ್ದುವ ಸಹನೆ ನಮಗೆ ಎಷ್ಟರಮಟ್ಟಿಗೆ ಬಂದಿದೆ?

ಅಶೋಕನು ಸುಮಾರು ಕ್ರಿ.ಪೂ. 232ರಲ್ಲಿ ತೀರಿಕೊಂಡನು. ಕೊನೆಗಾಲದಲ್ಲಿ ಮಂತ್ರಿಗಳು ಅವನ ದಾನಗಳನ್ನು ತಡೆದರೆಂದೂ, ಜಂಬೂದ್ವೀಪಕ್ಕೆ ಒಡೆಯನಾಗಿದ್ದವನ ಕೈಯಲ್ಲಿ ಅರ್ಧ ನೆಲ್ಲಿಕಾಯಿ ಮಾತ್ರ ಉಳಿದಿತ್ತೆಂದೂ, ಅದನ್ನೂ ಅವನು ಸಂಘಕ್ಕೆ ದಾನವಾಗಿ ಕಳುಹಿಸಿದನೆಂದೂ ಒಂದು ಬೌದ್ಧ ಕಥೆಯಿದೆ. ಕಥೆ ನಿಜವಿರಲಿ ಇಲ್ಲದಿರಲಿ, ಅವನ ಸಾಮ್ರಾಜ್ಯ ಅವನ ನಂತರ ಅರ್ಧಶತಮಾನವೂ ನೆಟ್ಟಗೆ ನಿಲ್ಲಲಿಲ್ಲ. ಅವನ ಲಿಪಿಯನ್ನು ಓದಬಲ್ಲವರೂ ಇಲ್ಲದಂತಾಯಿತು. ಸನ್ನತಿಯ ಹತ್ತಿರದ ಕನಗನಹಳ್ಳಿಯ ಸ್ತೂಪದ ಶಿಲ್ಪವೊಂದರಲ್ಲಿ ಅವನ ಹೆಸರಿನೊಡನೆ ಅವನ ರೂಪವೂ ಇದೆ. ಆದರೆ ಅದೂ ಮಣ್ಣಿನಲ್ಲಿ ಮುಚ್ಚಿಹೋಗಿತ್ತು.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯ ಗುಟ್ಟನ್ನು ಬಿಡಿಸಿದ ಮೇಲೆ ಬಂಡೆಗಳು ಮತ್ತೆ ಮಾತನಾಡಲಾರಂಭಿಸಿದವು. ಬ್ರಹ್ಮಗಿರಿಯ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ದೇವಾನಾಂಪ್ರಿಯನೆಂದು ಕರೆದುಕೊಂಡ ಈ ಅರಸನು ಅಶೋಕನೇ ಎಂಬುದಕ್ಕೆ ಶಿಲೆಯ ಸಾಕ್ಷಿ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆಯಿತು. 1920ರ ದಶಕದ ಕೊನೆಯಲ್ಲಿ ಎರ್ರಗುಡಿಯ ಬಂಡೆಗಳು ವಿದ್ವಾಂಸರ ಕಣ್ಣಿಗೆ ಬಿದ್ದವು. ನಮ್ಮ ಶಾಲೆಯ ಮೊದಲ ವಿದ್ಯಾರ್ಥಿಗಳು ಸ್ಲೇಟಿನ ಮೇಲೆ ಅಕ್ಷರ ತಿದ್ದುತ್ತಿದ್ದ ಕಾಲವೂ ಅದೇ. ಅಶೋಕನ ಸಿಂಹಗಳು ಇಂದು ನಮ್ಮ ರಾಷ್ಟ್ರದ ಲಾಂಛನ, ಸಾರನಾಥದ ಚಕ್ರ ನಮ್ಮ ಬಾವುಟದ ನಡುವಿದೆ. ಪ್ರತಿ ಆಗಸ್ಟ್ 15ರಂದು ನಮ್ಮ ಮಕ್ಕಳು ತಲೆಯೆತ್ತಿ ನೋಡುವುದು ಅವನ ಚಕ್ರವನ್ನೇ.

ಒಂದು ವಿಷಯ ಉಳಿಯಿತು. ಆ ಬಂಡೆಗಳ ಭಾಷೆ ಪ್ರಾಕೃತ. ಇಸಿಲದ ರೈತನಿಗೆ ಅದು ಮನೆಮಾತಾಗಿರಲಾರದು. ಅಫ್ಘಾನಿಸ್ತಾನದ ಕಂದಹಾರದಲ್ಲಿ ಅಶೋಕನು ತನ್ನ ಮಾತನ್ನು ಅಲ್ಲಿನವರಿಗೆ ತಿಳಿಯುವ ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿ ಬರೆಯಿಸಿದನು. ನಮ್ಮ ಕಡೆ ಅಂಥ ಬರಹ ದೊರೆತಿಲ್ಲ. ಹಾಗಾದರೆ ಭೇರಿಯ ಸದ್ದು ಕೇಳಿ ಬಂದು ಕೂಡಿದ ಜನರಿಗೆ ಬಂಡೆಯ ಮಾತನ್ನು ಅವರ ಆಡುನುಡಿಯಲ್ಲಿ ತಿಳಿಯಹೇಳಿದವನು ಯಾವನೋ ಒಬ್ಬನು ಇದ್ದಿರಲೇಬೇಕು. ಅವನ ಹೆಸರನ್ನು ಯಾರೂ ಕೆತ್ತಲಿಲ್ಲ. ಕಲ್ಲು ಅರಸನದು, ಆದರೆ ಆ ಮಾತು ಜನರ ಮನಸ್ಸನ್ನು ಮುಟ್ಟಿದ್ದು ಆ ಅನಾಮಿಕನಿಂದ.

ನಮ್ಮ ಶಾಲೆ ನೂರು ವರ್ಷಗಳಿಂದ ಮಾಡುತ್ತ ಬಂದಿರುವುದು ಅವನ ಕೆಲಸವನ್ನೇ. ರಾಜ್ಯಗಳ ಹೆಸರು ಬದಲಾಯಿತು, ಜಿಲ್ಲೆಗಳ ಎಲ್ಲೆ ಬದಲಾಯಿತು, ಓದಲು ಬರುವ ಮಕ್ಕಳ ಸಂಖ್ಯೆಯ ಚಿಂತೆ ವರ್ಷವರ್ಷವೂ ನಮ್ಮನ್ನು ಕಾಡುತ್ತಿದೆ. ಇಲ್ಲಿ ಕಲಿತವರು ಬೆಂಗಳೂರಿಗೆ, ಅದರಾಚೆಗೆ ಹೋಗಿ ನೆಲೆಸಿದ್ದಾರೆ. ಅವರಲ್ಲಿ ಅನೇಕರ ತಂದೆತಾಯಿಗಳು ಈ ಹಳ್ಳಿಗಳಲ್ಲಿ ಒಂಟಿಯಾಗಿ ಹಬ್ಬಕ್ಕೆ ಬರುವ ಮಕ್ಕಳ ದಾರಿಯನ್ನು ಕಾಯುತ್ತಿದ್ದಾರೆ. ತಂದೆತಾಯಿಗಳ ಮಾತನ್ನು ಕೇಳಬೇಕೆಂಬ ಇಸಿಲದ ಬಂಡೆಯ ವಾಕ್ಯ ಹಳತಾಗಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅಶೋಕನು ಕಲ್ಲನ್ನು ಆರಿಸಿಕೊಂಡಿದ್ದು ಮಾತು ಬಹುಕಾಲ ಉಳಿಯಲೆಂದು. ಆದರೂ ಓದುವವರಿಲ್ಲದೆ ಅದು ಎಷ್ಟೋ ಶತಮಾನಗಳ ಕಾಲ ಮೂಕವಾಗಿತ್ತು. ಈ ಶತಮಾನೋತ್ಸವದ ವರ್ಷದಲ್ಲಿ ನಮ್ಮ ಮಕ್ಕಳನ್ನು ಒಮ್ಮೆ ಬ್ರಹ್ಮಗಿರಿಗೆ ಕರೆದೊಯ್ಯೋಣ. ಆ ಬಂಡೆಯ ಮುಂದೆ ನಿಲ್ಲಿಸಿ ಅದರ ಮಾತನ್ನು ಕನ್ನಡದಲ್ಲಿ ಅವರಿಗೆ ಹೇಳೋಣ. ಸಾಲುಮರಗಳನ್ನು ನೆಡಿಸಿದವನು ಯಾರೆಂಬ ಪ್ರಶ್ನೆಯ ಜೊತೆಗೆ, ಅವನು ಅವುಗಳನ್ನು ಏಕೆ ನೆಡಿಸಿದನೆಂಬ ಪ್ರಶ್ನೆಗೂ ಅವರು ಅಂದಿನಿಂದ ಉತ್ತರ ಹೇಳುವಂತಾಗಲಿ.